ಬಿಗಿದೆನೋ, ಇಲ್ಲವೋ

ಅವಳನ್ನು ಡಾಕ್‌ಯಾರ್ಡಿನಲ್ಲಿ ಎಲ್ಲರೂ ಚಕ್ರದಕ್ಕ ಎನ್ನುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುವ ಫಿಟ್ಟರ್. ನೌಕಾಪಡೆಯ ಹಡಗುಗಳು ರಿಪೇರಿಗೆ ಬರುವ ಆ ಜಾಗದಲ್ಲಿ ಸಮವಸ್ತ್ರವಿಲ್ಲದೆ ದುಡಿಯುವ ನೂರಾರು ಜನರಲ್ಲಿ ಒಬ್ಬಳು. ಹಡಗಿನ ಹೊಟ್ಟೆಯೊಳಗೆ ಬಗ್ಗಿ ಕೂತು ಪೈಪು, ವಾಲ್ವು ಬಿಗಿಯುತ್ತ ಹತ್ತೊಂಬತ್ತು ವರ್ಷ ಕಳೆದಿದ್ದವು. ಜೊತೆಗಿದ್ದ ಇಬ್ಬರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೂವರ ಕೆಲಸ ಅವಳೊಬ್ಬಳ ಹೆಗಲಿಗೆ ಬಿತ್ತು.

ಅವತ್ತು ವಾರದ ರಜೆ. ಬಟ್ಟೆ ಹಿಂಡುತ್ತಿದ್ದವಳ ಕೈ ಥಟ್ಟನೆ ನಿಂತಿತು. ನಿನ್ನೆ ಕಡೆಯ ವಾಲ್ವಿನ ಎಂಟು ಬೋಲ್ಟುಗಳಲ್ಲಿ ಆರನ್ನು ಬಿಗಿದದ್ದು ನೆನಪಿತ್ತು. ಅಷ್ಟರಲ್ಲಿ ಫೋರ್‌ಮನ್ ಇನ್ನೊಂದು ಸೋರಿಕೆ ನೋಡಲು ಮೇಲಿನಿಂದ ಕೂಗಿದ್ದ. ವಾಪಸ್ ಬಂದು ಉಳಿದೆರಡನ್ನು ಬಿಗಿದೆನೋ, ಇಲ್ಲವೋ? ಕೆಲಸ ಮುಗಿದಿದೆಯೆಂದು ಸಹಿಯನ್ನಂತೂ ಹಾಕಿದ್ದಳು. ಮಧ್ಯಾಹ್ನ ಎರಡಕ್ಕೆ ಹಡಗನ್ನು ತೇಲಿಸಲು, ಅದು ನಿಂತಿದ್ದ ಒಣ ಡಾಕಿಗೆ ನೀರು ಬಿಡುವವರಿದ್ದರು. ಬೋಲ್ಟು ಸಡಿಲವಿದ್ದರೆ ಆ ನೀರು ಹಡಗಿನೊಳಗೆ ನುಗ್ಗುತ್ತಿತ್ತು.

ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಅಲೆದಳು. ಫೋರ್‌ಮನ್ ಫೋನ್ ಎತ್ತಲಿಲ್ಲ.

"ಏನಾಯ್ತೇ? ನಿನ್ನ ನೋಡಿ ನನಗೇ ತಲೆ ತಿರುಗ್ತಿದೆ," ಎಂದರು ಅತ್ತೆ.

"ಎರಡು ಬೋಲ್ಟು ನೆನಪಾಗ್ತಿಲ್ಲ ಅತ್ತೆ."

"ಬೀಗ ಹಾಕಿದ್ನಾ ಅಂತ ನಾನೂ ಅರ್ಧ ದಾರಿಯಿಂದ ವಾಪಸ್ ಬರಲ್ವಾ? ಹೋಗಿ ನೋಡ್ಕೊಂಡು ಬಾ."

ಗೇಟಿನಲ್ಲಿ ಕಾವಲುಗಾರ ತಡೆದ. "ರಜೆ ದಿನ ಪಾಸಿಲ್ದೆ ಬಿಡಲ್ಲಕ್ಕ."

"ನನ್ನ ಬಿಡಬೇಡ. ನೀರೂ ಬಿಡಬೇಡಿ ಅಂತ ಒಳಗೆ ಹೇಳಪ್ಪ!"

ಅವನು ಗಾಬರಿಯಿಂದ ಫೋನ್ ಎತ್ತಿದ. ಅವಳು ಗೇಟಿನುದ್ದಕ್ಕೂ ಶತಪಥ ತಿರುಗಿದಳು. ಬೋಲ್ಟು ಸಡಿಲವಿದ್ದರೆ ಕೆಲಸಕ್ಕೇ ಕುತ್ತು. ಬಿಗಿಯಿದ್ದರೆ ನಾಳೆಯಿಂದ ಎಲ್ಲರ ಬಾಯಲ್ಲಿ ನಗೆಪಾಟಲು. ಯಾವುದನ್ನು ಬಯಸಬೇಕೋ ತಿಳಿಯಲಿಲ್ಲ.

ಹಡಗಿನ ಎಂಜಿನಿಯರ್ ಅಧಿಕಾರಿ ತಾನೇ ಬಂದು ಅವಳನ್ನು ಕೆಳಗೆ ಕರೆದೊಯ್ದ. ಸ್ಪ್ಯಾನರ್ ಹಾಕಿದಳು. ಎಂಟೂ ಬೋಲ್ಟು ಕದಲಲಿಲ್ಲ. ಅವಳ ಮುಖ ಕೆಂಪಾಯಿತು.

"ಕ್ಷಮಿಸಿ ಸಾರ್. ಎಲ್ಲರ ಹೊತ್ತು ಹಾಳು ಮಾಡಿದೆ."

"ಈ ಗೋಡೆ ಆಚೆ ನಲವತ್ತು ಜನ ಮಲಗ್ತಾರಮ್ಮ. ಅನುಮಾನ ಬಂದ್ಮೇಲೂ ನೀವು ಮನೇಲೇ ಕೂತಿದ್ರೆ, ಆಗ ನಾನು ಕ್ಷಮಿಸ್ತಿರಲಿಲ್ಲ." ಮತ್ತೆ ಕೇಳಿದ: "ಅದಿರ್ಲಿ, ಬಿಗಿಯೋವಾಗ ನಿಮ್ಮನ್ನ ಮಧ್ಯದಲ್ಲಿ ಯಾಕೆ ಕರೆದ್ರು?"

"ಬೇರೆ ಯಾರಿದ್ದಾರೆ ಸಾರ್?"

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅದನ್ನು ಬರೆದುಕೊಂಡ. ನೀರು ನಾಲ್ಕಕ್ಕೆ ಬಂತು. ಅಲ್ಲಿಯವರೆಗೂ ಅವಳು ಟಾರ್ಚ್ ಹಿಡಿದು ವಾಲ್ವಿನ ಮುಂದೆಯೇ ನಿಂತಿದ್ದಳು. ಒಂದು ಹನಿಯೂ ಜಿನುಗಲಿಲ್ಲ.

ಎರಡು ತಾಸು ತಡವಾದದ್ದಕ್ಕೆ ಫೋರ್‌ಮನ್ ವಾರವಿಡೀ ಮುಖ ಊದಿಸಿಕೊಂಡಿದ್ದ. ಆದರೆ ಆ ಅಧಿಕಾರಿ ನಡೆದದ್ದನ್ನೆಲ್ಲ ಬರೆದು ಮೇಲಕ್ಕೆ ಕಳಿಸಿದ್ದ. ಕೆಲಸದ ನಡುವೆ ಫಿಟ್ಟರನ್ನು ಎಬ್ಬಿಸಬಾರದೆಂಬ ಆದೇಶ ಬಂತು. ತಿಂಗಳೊಳಗೆ ಇನ್ನೊಬ್ಬ ಫಿಟ್ಟರೂ ಬಂದ. ಮತ್ತೊಂದು ಜಾಗ ಇನ್ನೂ ಖಾಲಿ. ಅದನ್ನು ಕೇಳಲು ಪ್ರತಿ ಸೋಮವಾರ ಅವಳು ಆಫೀಸಿನ ಮೆಟ್ಟಿಲು ಹತ್ತುತ್ತಾಳೆ. ದೂರದಿಂದ ಕಂಡೊಡನೆ ಗುಮಾಸ್ತ ಫೈಲಿನೊಳಗೆ ಮುಖ ಹುದುಗಿಸುತ್ತಾನೆ.