ಹಳದಿ ರಿಂಗು

ಅಟ್ಟದ ಟ್ರಂಕು ತೆಗೆದಾಗ ಮೊದಲು ಬಂದದ್ದು ವಾಸನೆ. ಕೊಳೆತ ಪ್ಲಾಸ್ಟಿಕ್ಕಿನ ಹುಳಿ ವಾಸನೆ. ಹಳೆಯ ಪ್ಯಾಂಟಿನ ಕಿಸೆಯಲ್ಲಿ ಬಳೆಯಷ್ಟು ಅಗಲದ ಹಳದಿ ರಿಂಗೊಂದು ಅಂಟಂಟಾಗಿ ಬೆರಳಿಗೆ ಮೆತ್ತಿಕೊಂಡಿತು. ಹೇಸಿಕೆಯಾಯಿತು... ರಿಂಗಿನ ಮೇಲಲ್ಲ.

ಹೈದರಾಬಾದು ಇನ್ನೂ ಇಡೀ ಆಂಧ್ರದ ರಾಜಧಾನಿಯಾಗಿದ್ದ ಕಾಲ. ನಾಚಾರಂನ ಒಂದು ಔಷಧ ಕಾರ್ಖಾನೆಯಲ್ಲಿ ಕೋಣೆ ತುಂಬುವಂಥ ಕಂಪ್ಯೂಟರಿಗೆ ನಾನು ಆಪರೇಟರ್. ಕೆಲಸ ಕೊಡಿಸಿದವರೂ ಕಲಿಸಿದವರೂ ಅಲ್ಲೇ ಹಿರಿಯರಾಗಿದ್ದ ಕಾಕಾ. ರಕ್ತಸಂಬಂಧವೇನಿಲ್ಲ, ಹಿಮಾಯತ್‌ನಗರದಲ್ಲಿ ನಮ್ಮ ಓಣಿಯವರು, ನಮ್ಮ ಹಾಗೆ ರಾಯಚೂರು ಕಡೆಯವರು. ಅವರ ಮನೆಯ ರೊಟ್ಟಿ ತಿಂದೇ ಬೆಳೆದೆ.

ಕರೆಂಟು ಹೋಗಿ ಯಂತ್ರ ನಿಂತರೆ ಅದು ತಾನಾಗಿ ಎದ್ದು ಕೆಲಸ ಮುಂದುವರಿಸುವ ಯೋಜನೆ ಬರೆದವರು ಅವರೇ. ಒಂದು ಕಡೆ ಮಾತ್ರ ಬೇಕೆಂದೇ ತಡೆ ಇಟ್ಟಿದ್ದರು. ಲೆಕ್ಕಪತ್ರ ತುಂಬಿಡುವ ಟೇಪಿನ ಸುರುಳಿಯ ಬೆನ್ನಿಗೆ ಇಂಥ ಹಳದಿ ರಿಂಗು ಸಿಕ್ಕಿಸದೆ ಅದರ ಮೇಲೆ ಏನೂ ಬರೆಯಲಾಗದು. ಪರೀಕ್ಷೆಯಾದ ಔಷಧಗಳ ದಾಖಲೆಯ ನಕಲು ಇದ್ದ ಟೇಪಿನ ರಿಂಗು ಸದಾ ಅವರ ಕಿಸೆಯಲ್ಲೇ.

"ಬಿದ್ದಾಂವ ಎದ್ದ ಕೂಡ್ಲೆ ಓಡಬಾರದಪಾ. ಎಲ್ಲಿ ಪೆಟ್ಟಾಗೇತಿ ನೋಡ್ಕೊಬೇಕು," ಎನ್ನುತ್ತಿದ್ದರು.

ಯೋಜನೆಯ ಮೊದಲ ಸಾಲು ಯಂತ್ರದ ಬಗ್ಗೆ ಇರಲೇ ಇಲ್ಲ. ಯಂತ್ರ ಕೆಟ್ಟರೆ, ಕೊನೆಯ ಸಲ ಅದಕ್ಕೆ ಕೈ ಹಚ್ಚಿದವರು ಯಾರೆಂದು ಕೇಳಿ. ಬೈಯಬೇಡಿ, ಬೈದರೆ ಸುಳ್ಳು ಹೇಳುತ್ತಾರೆ ಎಂದಿತ್ತು.

ನಮ್ಮ ಮ್ಯಾನೇಜರ್ ಮಿರ್ಚಿ ಬಜ್ಜಿ ತಿಂದು ಎಣ್ಣೆಗೈಯನ್ನು ಪ್ರಿಂಟೌಟಿಗೆ ಒರೆಸಿ, ಅದನ್ನೇ ಮುಂದಕ್ಕೆ ಕಳಿಸುವ ಮನುಷ್ಯ. ಕಾಕಾ ನೆಂಟರ ಮದುವೆಗೆಂದು ಊರಿಗೆ ಹೋದ ವಾರ ಮೇಲಧಿಕಾರಿಗಳು ಬರುವವರಿದ್ದರು. ಅವರೆದುರು ಯಂತ್ರ ರಿಂಗಿಗಾಗಿ ನಿಂತು ಯಾರನ್ನೂ ಕೇಳದೆ ಏಳಬೇಕೆಂದು ಇವನ ಹಠ.

"ಸಬ್ ಟೇಪಾಂ ಕು ರಿಂಗಾಂ ಲಗಾ ದೇ," ಎಂದ.

ಸ್ಟೋರಿನಿಂದ ಹೊಸ ರಿಂಗು ತಂದು, ಅವನು ಹೇಳಿದಂತೆ ಎಲ್ಲ ಟೇಪಿಗೂ, ಕಾಕಾರ ಆ ಟೇಪಿಗೂ ಹಾಕಿದೆ. ನನ್ನ ಕೈಯಾರೆ.

ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು... ಎದ್ದಾಗಲೆಲ್ಲ ಮೂಲ ದಾಖಲೆಯ ಜೊತೆಗೆ ಒಳ್ಳೆಯ ನಕಲಿನ ಮೇಲೂ ಅರ್ಧಂಬರ್ಧ ಕಸ ಬರೆಯಿತು. ಗೋದಾಮಿನಲ್ಲಿ ಯಾವ ಔಷಧದ ಪರೀಕ್ಷೆಯಾಗಿದೆ, ಯಾವುದರದ್ದು ಆಗಿಲ್ಲ ಎಂದು ಹೇಳುವ ದಾಖಲೆಯೇ ಉಳಿಯಲಿಲ್ಲ. ಗಾಬರಿಯಲ್ಲಿ ರಿಂಗು ಕಿತ್ತು ಕಿಸೆಗೆ ಹಾಕಿಕೊಂಡೆ.

ಕಾಕಾ ರಿಂಗನ್ನು ಟೇಪಿನಲ್ಲೇ ಮರೆತು ಹೋಗಿದ್ದರೆಂದು ಮ್ಯಾನೇಜರ್ ಮೇಲಧಿಕಾರಿಗಳಿಗೆ ವರದಿ ಬರೆದ. ಕೆಲಸ ಹೋದೀತೆಂಬ ಭಯಕ್ಕೆ ನಾನು ಸಾಕ್ಷಿಯ ಸಹಿ ಹಾಕಿದೆ. ಆ ಕಾಗದಕ್ಕೂ ಬಜ್ಜಿಯ ಎಣ್ಣೆ ಹತ್ತಿತ್ತು.

ಕಾಕಾ ಊರಿಂದ ಬಂದು ತಮ್ಮ ಕಿಸೆಯ ರಿಂಗನ್ನು ಮೇಜಿನ ಮೇಲಿಟ್ಟರು. ಇಂಥವು ಸ್ಟೋರಿನಲ್ಲಿ ರಾಶಿ ಬಿದ್ದಿವೆ ಎಂದು ಮ್ಯಾನೇಜರ್ ನಕ್ಕ. ಆಮೇಲೆ ಕಾಕಾ ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದರು.

"ಯಾರು ಹಾಕಿದ್ರಪಾ? ನಾ ಬೈಯಂಗಿಲ್ಲ."

"ಗೊತ್ತಿಲ್ರಿ ಕಾಕಾ."

ತಲೆಯಾಡಿಸಿ ಹೋದರು. ಅವರ ಕೆಲಸ ಹೋಯಿತು. ಆಮೇಲೂ ಓಣಿಯಲ್ಲಿ ಎದುರಾದರೆ "ಊಟಾತೇನಪಾ" ಎಂದೇ ಕೇಳುತ್ತಿದ್ದರು. ಉಂಡ ಮನೆಗೆ ಎರಡು ಬಗೆದವನಿಗೆ ಆ ಮಾತು ಕೇಳಿದರೆ ಹೇಸಿಕೆಯಾಗುತ್ತಿತ್ತು, ನನ್ನ ಮೇಲೆ ನನಗೇ. ಅವರು ತೀರಿಕೊಂಡಾಗ ಹೆಗಲು ಕೊಡುವ ಮುಖವೂ ನನಗಿರಲಿಲ್ಲ... ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ.

ಇವತ್ತು ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಹೆಂಡತಿ ಬಂದು ರಿಂಗು ನೋಡಿ ಮೂಗು ಮುಚ್ಚಿಕೊಂಡಳು.

"ಇಶ್ಶಿ, ಇದನ್ನ ಟ್ರಂಕಿನ್ಯಾಗ ಯಾರ ಇಟ್ಟಿದ್ರು?"

ಗೊತ್ತಿಲ್ಲ ಎಂದೆ.