ಹೊಡೆದುಹಾಕಿದ ಸೊನ್ನೆ

ಕಂಸದ ಹೊರಗೆ ಒಂಟಿಯಾಗಿ ನಿಂತ ‘ಎಕ್ಸ್’ ಅಕ್ಷರವನ್ನು ಕಂಡಾಗಲೆಲ್ಲ ನನಗೆ ಮದುವೆ ಮಂಟಪದಾಚೆ ಚಪ್ಪಲಿ ಕಾಯುತ್ತ ನಿಂತವರ ನೆನಪಾಗುತ್ತದೆ. ಒಳಗಿನ ಸಂಭ್ರಮಕ್ಕೂ ಅವರಿಗೂ ಸಂಬಂಧವೇ ಇಲ್ಲವೆಂದು ನಾವು ಭಾವಿಸಿರುತ್ತೇವೆ. ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ಮುಂಜಾನೆ ಮಗಳು x(x − 7) = 0 ಎಂಬ ವರ್ಗಸಮೀಕರಣವನ್ನು ನನ್ನ ಮುಂದೆ ಹಿಡಿದಾಗ, ಧನಕವಡಿಯ ನಮ್ಮ ಮನೆಯ ಕೆಳಗೆ ನನ್ನನ್ನು ಚಾಕಣದ ಕಾರ್ಖಾನೆಗೆ ಒಯ್ಯುವ ಕಂಪನಿ ಬಸ್ಸು ಹಾರ್ನ್ ಬಾರಿಸುತ್ತಿತ್ತು.

“ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಅದನ್ನ ಹೊಡದುಹಾಕವಾ. ಏಳು ಬರತದ, ಮುಗೀತು!” ಎಂದು ಸಕಲಶಾಸ್ತ್ರಪಾರಂಗತನ ಗತ್ತಿನಲ್ಲಿ ಅಪ್ಪಣೆ ಕೊಡಿಸಿ, ಬೂಟಿನ ಲೇಸನ್ನೂ ಕಟ್ಟದೆ ಓಡಿದೆ.

ಕಾರ್ಖಾನೆಯ ಗೇಟಿನಲ್ಲಿ ಇಳಿಯುವಾಗ ನನ್ನ ತಪ್ಪು ಹೊಳೆಯಿತು. ಎರಡನ್ನು ಗುಣಿಸಿದರೆ ಸೊನ್ನೆ ಬರುತ್ತದೆಂದಾದರೆ ಅವೆರಡರಲ್ಲಿ ಯಾವುದು ಬೇಕಾದರೂ ಸೊನ್ನೆಯಾಗಿರಬಹುದಲ್ಲ, ಹೊರಗೆ ನಿಂತ ಆ ಬಡಪಾಯಿಯೂ! ಉತ್ತರಗಳು ಎರಡು: ಏಳು ಮತ್ತು ಸೊನ್ನೆ. ಸೊನ್ನೆಯಾಗಿರಬಹುದಾದದ್ದರಿಂದ ಭಾಗಿಸಿ, ಮಗಳ ಅರ್ಧ ಉತ್ತರವನ್ನು ನಾನೇ ಸ್ವಹಸ್ತದಿಂದ ಸಂಹರಿಸಿದ್ದೆ. ಮನೆಗೆ ಫೋನು ಮಾಡಿದರೆ ಹೆಂಡತಿ, “ಆಕಿ ಹೋಗಿ ಅರ್ಧಾ ತಾಸಾತ್ರೀ, ಫೋನು ಇಲ್ಲೇ ಅದ. ಈಗ ರಜಾ ಹಾಕಿ ಬಂದು ಶಾಲಿ ಕಾಂಪೌಂಡ್ ಹಾರಬ್ಯಾಡ್ರಿ ಮತ್ತ!” ಎಂದಳು. ಆ ಉಪಾಯ ನನಗೆ ಹೊಳೆದಿದ್ದು ಅವಳಿಗೆ ಹೇಗೆ ತಿಳಿಯಿತೋ!

ದಿನವಿಡೀ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತ ಮಗಳ ಭವಿಷ್ಯವನ್ನೂ ಅಳೆದೆ. ನನ್ನ ಲೆಕ್ಕದಲ್ಲಿ ಊಟದ ಹೊತ್ತಿಗೆ ಅವಳು ಗಣಿತವನ್ನೂ, ಚಹಾದ ಹೊತ್ತಿಗೆ ನನ್ನನ್ನೂ ತ್ಯಜಿಸಿಯಾಗಿತ್ತು. ಪರೀಕ್ಷೆ ಮುಗಿದಿರುತ್ತದೆಂದು ಗೊತ್ತಿದ್ದರೂ ಫೋನು ಮಾಡುವ ಧೈರ್ಯ ಬರಲಿಲ್ಲ. ಚಿಂತೆಯ ಗಣಿತವೇ ಹೀಗೆ, ನೋಡಿ. ಏನೇನು ಆಗಿಬಿಡಬಹುದೆಂದು ಪುಟಗಟ್ಟಲೆ ಬಿಡಿಸುವ ನನ್ನಂಥವನು, ಏನೂ ಆಗದೆಯೂ ಇರಬಹುದೆಂಬ ಉತ್ತರವನ್ನು ಮೊದಲ ಸಾಲಿನಲ್ಲೇ ಹೊಡೆದುಹಾಕಿರುತ್ತಾನೆ. ಇಷ್ಟು ತಿಳಿದ ಮೇಲಾದರೂ ಎದೆಯ ಡವಡವ ನಿಂತಿತೇ? ಜ್ಞಾನಕ್ಕೂ ಎದೆಗೂ ನಡುವೆ ಬಹಳ ಟ್ರಾಫಿಕ್ಕು.

ಸಂಜೆ ಬಾಗಿಲಲ್ಲೇ ಮಗಳು, “ಅದೇ ಲೆಕ್ಕ ಬಂದಿತ್ತು, ಪಪ್ಪಾ!” ಎಂದಳು. ನಾನು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಕುಳಿತೆ.

“ಎರಡೂ ಉತ್ತರ ಬರದೀನಿ. ಸೊನ್ನಿ ಹಾಕಿ ನೋಡಿದ್ರ ಅದೂ ಸರಿ ಬರತದಲ್ಲ! ನೀವು ಬಸ್ ಹತ್ತೂದ್ರಾಗ ಗೊತ್ತಾತು.”

“ಮತ್ತ ಆವಾಗೇ ಫೋನ್ ಯಾಕ ಮಾಡ್ಲಿಲ್ಲವಾ?”

“ತಪ್ಪು ಹೇಳಿಕೊಟ್ಟೆ ಅಂತ ದಿನಾ ಪೂರ್ತಿ ಚಿಂತಿ ಮಾಡ್ಕೋತ ಕೂಡ್ತಿದ್ರಿ. ಅದಕ್ಕ ಸುಮ್ಮನಾದೆ.”

“ಭಾಳ ಛಲೋ ಮಾಡಿದಿ,” ಎಂದೆ. ಅಡುಗೆಮನೆಯಲ್ಲಿ ಹೆಂಡತಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿಕೊಂಡಿತು.