ಹಾವಗೆಪ್ಪನ ಗಿಟಾರ ದಂಡಯಾತ್ರೆ

ಬೀದರ ಜಿಲ್ಲೆಯಲ್ಲಿ ಎಷ್ಟು ಕುರಿಗಳಿವೆ ಎಂದು ಕೇಳಿದರೆ ಸರಕಾರ ಹೇಳುತ್ತದೆ. ಎಷ್ಟು ಕೊಳವೆಬಾವಿಗಳಿವೆ, ಅವುಗಳಲ್ಲಿ ಎಷ್ಟು ಬತ್ತಿವೆ ಎಂದೂ ಹೇಳುತ್ತದೆ. ಆದರೆ ಸ್ಟೀಲ್ ಗಿಟಾರ ಬಾರಿಸುವವರು ಎಷ್ಟು ಮಂದಿ ಎಂದು ಕೇಳಿ ನೋಡಿ, ಸರಕಾರ ನಿಮ್ಮ ಮುಖ ನೋಡುತ್ತದೆ. ಈ ಮಹಾಗಣತಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಕೈಗೆತ್ತಿಕೊಂಡವನು ನಮ್ಮ ಹಾವಗೆಪ್ಪ. ಹುಟ್ಟಿದ್ದು ಖಟಕ ಚಿಂಚೋಳಿ, ಬಾಡಿಗೆ ಮನೆ ಬೀದರದಲ್ಲಿ, ಹೊಟ್ಟೆಪಾಡು ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ. ಅಲ್ಲಿ ಲಾರಿ ತೂಗುವ ಕಾಟಾದ ಉಸ್ತುವಾರಿ ಅವನದು. ವಯಸ್ಸು ಐವತ್ತೆಂಟು. ಮೀಸೆ ಇನ್ನೂ ಕಪ್ಪು; ಅದರ ಹಿಂದಿನ ಶ್ರಮ ಹೆಂಡತಿ ರುಕ್ಮಿಣಿಬಾಯಿಯದು.

ಸ್ಟೀಲ್ ಗಿಟಾರ ಎಂದರೆ ಹೆಗಲಿಗೆ ತೂಗುಹಾಕಿ ಕುಣಿಯುತ್ತ ಬಾರಿಸುವ ಗಿಟಾರವಲ್ಲ. ಇದನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಬೇಕು. ಬಲಗೈಯಲ್ಲಿ ತಂತಿ ಮೀಟಬೇಕು, ಎಡಗೈಯಲ್ಲಿ ಉಕ್ಕಿನ ಒಂದು ಗಿಡ್ಡ ಸಳಿ ಹಿಡಿದು ತಂತಿಯ ಮೇಲೆ ಜಾರಿಸಬೇಕು. ಆಗ ಸ್ವರ ಒಂದರಿಂದ ಇನ್ನೊಂದಕ್ಕೆ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ. ಹೋಗಬೇಕು, ಕನಿಷ್ಠ.

ಹಾವಗೆಪ್ಪ ಇದನ್ನು ನಲವತ್ತು ವರ್ಷಗಳಿಂದ ಜಾರಿಸುತ್ತಿದ್ದಾನೆ. ಹದಿನೈದು ವರ್ಷ ಮದುವೆಗಳಲ್ಲಿ ಒಂದು ಬ್ಯಾಂಜೋ ಪಾರ್ಟಿಯ ಜೊತೆ ಬಾರಿಸಿದ. ಪಾರ್ಟಿಯ ಸೌಂಡ್ ನೋಡಿಕೊಳ್ಳುತ್ತಿದ್ದ ಮಕ್ಸೂದ, ಹಾವಗೆಪ್ಪ ಶುರುಮಾಡಿದ ಕೂಡಲೇ ಅವನ ಮೈಕಿನ ಗುಂಡಿಯನ್ನು ಎಡಕ್ಕೆ ತಿರುಗಿಸಿಬಿಡುತ್ತಿದ್ದ. ಇದನ್ನು ಹಾವಗೆಪ್ಪ ಅಸೂಯೆ ಎಂದು ತಿಳಿದ. ದೊಡ್ಡ ಕಲಾವಿದರಿಗೆಲ್ಲ ಶತ್ರುಗಳಿರುತ್ತಾರೆ, ತನಗೂ ಒಬ್ಬ ಸಿಕ್ಕನಲ್ಲ ಎಂದು ಒಳಗೊಳಗೇ ಹಿಗ್ಗಿದ. ಆಮೇಲೆ ಡಿಜೆ ಬಂತು, ಪಾರ್ಟಿ ಮುರಿಯಿತು, ಗಿಟಾರ ಮನೆ ಸೇರಿತು.

ಇಷ್ಟಾದರೂ ಅವನಿಗೆ ಒಂದು ವಿಷಯ ಮಾತ್ರ ಗೊತ್ತಿರಲಿಲ್ಲ: ತಾನು ಬಾರಿಸುವುದು ಸರಿಯೋ ತಪ್ಪೋ. ಅದನ್ನು ಹೇಳಬಲ್ಲವನು ಇನ್ನೊಬ್ಬ ಸ್ಟೀಲ್ ಗಿಟಾರದವನೇ, ಮತ್ತು ಅಂಥವನ ಪಕ್ಕ ಹಾವಗೆಪ್ಪ ಜನ್ಮದಲ್ಲಿ ಕೂತಿರಲಿಲ್ಲ.

"ಕಾಟಾಕ್ಕ ವರ್ಷಕ್ಕೊಮ್ಮೆ ತಪಾಸಣಿ ಅದ," ಎಂದು ಅವನು ಊಟದ ಮುಂದೆ ಕೂತು ಹೆಂಡತಿಗೆ ಹೇಳಿದ. "ಸಾಹೇಬ್ರು ಕಲ್ಲು ತಂದು ಇಡ್ತಾರ, ತೂಗಿ ಮುದ್ರಿ ಹಾಕ್ತಾರ. ನನ್ನ ಗಿಟಾರಕ್ಕ ನಲವತ್ತು ವರ್ಷದಾಗ ಒಬ್ಬರಾದ್ರೂ ಮುದ್ರಿ ಹಾಕ್ಯಾರೇನು?"

"ಬಾಜೂ ಮನಿ ಖತೀಜಾ ಬೇಗಂ ಹಾಕ್ಯಾರಲ್ರಿ," ಎಂದಳು ರುಕ್ಮಿಣಿಬಾಯಿ. "ನೀವು ಶುರು ಮಾಡಿದ್ರ ಕಿಟಕಿ ಹಾಕ್ತಾರ."

ತಮಾಷೆ ಸರಿ, ಆದರೆ ಅವಸರ ನಿಜವಾದದ್ದೇ. ಶುಗರ್ ಅವನ ಎಡಗೈಯ ಎರಡು ಬೆರಳುಗಳಿಗೆ ಇಳಿದಿತ್ತು. ಸಳಿ ಹಿಡಿದದ್ದು ಕೆಲವೊಮ್ಮೆ ಗೊತ್ತೇ ಆಗುತ್ತಿರಲಿಲ್ಲ. ನೆಲಕ್ಕೆ ಬಿದ್ದು ಠಣ್ ಎಂದಾಗ ಗೊತ್ತಾಗುತ್ತಿತ್ತು. ಡಾಕ್ಟರು, ಇದು ಹಿಂದಕ್ಕೆ ಬರುವ ಜಾತಿಯದಲ್ಲ, ಎಂದಿದ್ದರು. ಕೈ ಪೂರ್ತಿ ಹೋಗುವ ಮೊದಲು ಒಮ್ಮೆಯಾದರೂ ಜಿಲ್ಲೆಯ ಸಮಸ್ತ ಸ್ಟೀಲ್ ಗಿಟಾರಗಳನ್ನು ಒಂದೇ ಛಾವಣಿಯ ಕೆಳಗೆ ಕೂಡಿಸಬೇಕು, ಎಲ್ಲರ ನಡುವೆ ಕೂತು ಬಾರಿಸಬೇಕು, ತೀರ್ಪು ಕೇಳಬೇಕು. ಹೀಗೆ ದಂಡಯಾತ್ರೆ ನಿಶ್ಚಯವಾಯಿತು.

ಮೊದಲು ಫೋನಿನಲ್ಲಿ ಸೈನ್ಯ ಜಮಾಯಿಸಲಾಯಿತು. 'ಬೀದರ ಜಿಲ್ಲಾ ಸ್ಟೀಲ್ ಗಿಟಾರ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಹದಿನೈದೇ ದಿನದಲ್ಲಿ ಅರವತ್ತೊಂದು ಜನ ಸೇರಿದರು. ಹಾವಗೆಪ್ಪನ ಎದೆ ಕಾಟಾದ ಮೇಲಿಟ್ಟರೆ ಎರಡು ಟನ್ ತೂಗುವಷ್ಟು ಉಬ್ಬಿತು. ಬಳಿಕ ಒಬ್ಬೊಬ್ಬರನ್ನೇ ವಿಚಾರಿಸಿದ. ನಲವತ್ತು ಜನ ಬೆಳಗಿನ ಹೂವಿನ ಚಿತ್ರ ಕಳಿಸುವವರು. ಹನ್ನೊಂದು ಜನ ಪ್ಲಾಟು ಮಾರುವವರು. ಜನವಾಡದ ಓಂಪ್ರಕಾಶನ ಬಳಿ ಗಿಟಾರವೇನೋ ಇತ್ತು. ಅದರೊಳಗೆ ಬೆಕ್ಕು ಮರಿ ಹಾಕಿದ್ದರಿಂದ ಸದ್ಯಕ್ಕೆ ಬಾರಿಸುವಂತಿರಲಿಲ್ಲ. ಉಳಿದವರು ಸುಮ್ಮನೆ ಇದ್ದರು, ಯಾಕೆ ಇದ್ದಾರೆಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಕೈಗೆ ಬಂದವರು ಇಬ್ಬರು: ಔರಾದದ ಅಬ್ದುಲ ವಾಹೀದ, ಭಾಲ್ಕಿಯ ಶಶಿಕಲಾ ಟೀಚರ್.

ಮೊದಲ ದಾಳಿ ಔರಾದದ ಮೇಲೆ ನಡೆಯಿತು, ಸರಕಾರಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಿಂದ. ವಾಹೀದ ಟೇಲರ್. ಹರೆಯದಲ್ಲಿ ಹೈದರಾಬಾದಿಗೆ ಹೊಲಿಗೆ ಕಲಿಯಲು ಹೋದವನು ಅಲ್ಲೊಬ್ಬ ಉಸ್ತಾದನ ಬಳಿ ನಾಲ್ಕು ವರ್ಷ ಗಿಟಾರವನ್ನೂ ಕಲಿತು ಬಂದಿದ್ದ. ಹಾವಗೆಪ್ಪ ವಿಷಯ ಹೇಳುತ್ತಿದ್ದಂತೆ ಅವನು ಮಷೀನು ನಿಲ್ಲಿಸಿದ.

"ಎಷ್ಟು ಮಂದಿ ಬರ್ತಾರ್ರಿ ಭಾಯಿ?"

"ಮೂರು."

"ನನ್ನ ಹಿಡಿದು?"

"ನಿಮ್ಮ ಹಿಡಿದು. ನನ್ನೂ ಹಿಡಿದು."

ವಾಹೀದ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. "ಜಿಲ್ಲಾ ಸಮ್ಮೇಳನ ಅಂತ ಬೋರ್ಡ್ ಬರಸ್ರಿ ಮತ್ತ. ಮೂರು ಮಂದಿ ಆಟೋದಾಗ ಕುಂತಂಗ ಕಾಣಬಾರದು."

ಎರಡನೆಯ ದಾಳಿ ಭಾಲ್ಕಿಯ ಮೇಲೆ. ಶಶಿಕಲಾ ಟೀಚರ್ ನಿವೃತ್ತರಾಗಿ ಮೂರು ವರ್ಷ. ಕನ್ನಡಕ ಮೂಗಿನ ತುದಿಯಲ್ಲಿ, ಮಾತು ಅಳತೆಯಲ್ಲಿ. ಕಲಬುರಗಿಯಲ್ಲಿ ಓದುವಾಗ ಸೋದರತ್ತೆಯಿಂದ ಕಲಿತ ಗಿಟಾರವನ್ನು ಮದುವೆಯಾದ ಮೇಲೂ ಮನೆಮಂದಿ ಇಲ್ಲದ ಹೊತ್ತು ನೋಡಿ ಬಾರಿಸುತ್ತ ಬಂದಿದ್ದರು.

"ನಾ ಬರ್ತೇನ್ರಿ," ಎಂದರು. "ಆದ್ರ ಒಂದು ಹೇಳ್ತೇನಿ. ನಾ ಮೂವತ್ನಾಲ್ಕು ವರ್ಷ ಪೇಪರ್ ತಿದ್ದೇನಿ. ತಪ್ಪಿಗೆ ಸರಿ ಅಂತ ಗೆರಿ ಎಳಿಯೋದು ನನ್ನ ಕೈಲಿ ಆಗೂದಿಲ್ಲ."

"ನನಗೂ ಅದೇ ಬೇಕ್ರಿ ಟೀಚರ್," ಎಂದ ಹಾವಗೆಪ್ಪ. ಹುಲಿಯ ಗವಿಯ ಬಾಗಿಲಲ್ಲಿ ನಿಂತು ಒಳಗೆ ಜಾಗ ಇದೆಯೇ ಎಂದು ಕೇಳುವವನ ಸಂತೋಷ ಅವನ ಮುಖದಲ್ಲಿತ್ತು.

ಬೀದರದಲ್ಲಿ ಗೊತ್ತುಮಾಡಿದ್ದ ಸಭಾಭವನ ಆ ದಿನ ಯಾರದೋ ನಿಶ್ಚಿತಾರ್ಥಕ್ಕೆ ಹೋಯಿತು. ಹಾಗಾಗಿ ಸಮ್ಮೇಳನ ಭಾಲ್ಕಿಗೆ, ಶಶಿಕಲಾ ಟೀಚರ್ ಮನೆಯ ಪಡಸಾಲೆಗೆ ಸ್ಥಳಾಂತರಗೊಂಡಿತು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಗೋಡೆಗೆ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಹಾವಗೆಪ್ಪನ ಭಾವಚಿತ್ರ ಎಷ್ಟು ದೊಡ್ಡದಾಗಿತ್ತೆಂದರೆ ಗಿಟಾರದ ಚಿತ್ರಕ್ಕೆ ಅವನ ಕಿವಿಯ ಕೆಳಗೆ ಮಾತ್ರ ಜಾಗ ಸಿಕ್ಕಿತ್ತು. ಬಳಗದ ಅರವತ್ತೊಂದು ವೀರರಲ್ಲಿ ಐವತ್ತೆಂಟು ಜನ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಕರ್ತವ್ಯ ಮುಗಿಸಿದ್ದರು. ಶ್ರೋತೃಗಳೆಂದರೆ ಟೀಚರ್ ಅವರ ನೆರೆಮನೆಯ ಭೀಮಬಾಯಿ; ಆಕೆ ಶೇಂಗಾ ಸುಲಿಯುತ್ತ ಬಾಗಿಲಲ್ಲಿ ಕೂತಿದ್ದಳು.

ಮೂರು ಚಾಪೆ, ಮೂರು ಗಿಟಾರ. ಹಾವಗೆಪ್ಪ ಸ್ವಾಗತ ಭಾಷಣ ಮಾಡಿದ. ಎರಡು ಪುಟವಿತ್ತು, ಒಂದೂವರೆ ಓದಿದಾಗ ವಾಹೀದ, "ಭಾಯಿ, ಔರಾದಕ್ಕ ನಾಲ್ಕು ಗಂಟೆಗೆ ಬಸ್ಸದ," ಎಂದ. ಭಾಷಣ ನಿಂತಿತು.

ಮೊದಲ ಕೆಲಸ ಮೂರೂ ಗಿಟಾರಗಳನ್ನು ಒಂದೇ ಶ್ರುತಿಗೆ ತರುವುದು. ಟೀಚರ್ ಹಾರ್ಮೋನಿಯಮ್ಮಿನ ಒಂದು ಮನೆ ಒತ್ತಿ ಹಿಡಿದರು. ವಾಹೀದನ ತಂತಿಗಳು ಕೂಡಲೇ ಕೂಡಿಕೊಂಡವು. ಹಾವಗೆಪ್ಪನವು ಮಾತ್ರ ಸ್ವಲ್ಪ ಮೇಲಿದ್ದವು.

"ಬಿಗಿ ಆಗ್ಯಾವ, ಇಳಸ್ರಿ," ಎಂದರು ಟೀಚರ್. ಅವನು ಇಳಿಸಿದ. ಈಗ ಮೂರೂ ಗಿಟಾರಗಳ ಬರೀ ತಂತಿ, ಅಂದರೆ ಸಳಿ ಇಡದೆ ಮೀಟಿದ ತಂತಿ, ಒಂದೇ ಕೊರಳಿನಂತೆ ನುಡಿದವು. ಹಾವಗೆಪ್ಪನ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷದಲ್ಲಿ ಅವನ ಗಿಟಾರ ಇನ್ನೊಂದು ಗಿಟಾರದ ಜೊತೆ ಮಾತಾಡಿದ್ದು ಅದೇ ಮೊದಲು.

"ಭೂಪ ರಾಗದಾಗ ಸಣ್ಣ ಧುನ್ ಒಂದು ಹಿಡಿಯೋಣ," ಎಂದ ವಾಹೀದ. ಹಿಡಿದರು.

ಮೂರನೆಯ ಸ್ವರಕ್ಕೇ ಭೀಮಬಾಯಿಯ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ಎರಡು ಗಿಟಾರಗಳು ಒಂದು ದಾರಿಯಲ್ಲಿ ಹೋಗುತ್ತಿದ್ದವು. ಮೂರನೆಯದು ಅದೇ ದಾರಿಯ ಗಟಾರದಲ್ಲಿ, ಕರಾರುವಾಕ್ಕಾಗಿ ಒಂದು ಮೆಟ್ಟಿಲು ಕೆಳಗೆ, ಪೂರ್ಣ ನಿಷ್ಠೆಯಿಂದ ಹಿಂಬಾಲಿಸುತ್ತಿತ್ತು. ಮೇಲಿನ ಸ್ವರಗಳಿಗೆ ಹೋದಾಗಂತೂ ಆ ಗಟಾರವೂ ಕುಸಿಯಿತು. ನಿಲ್ಲಿಸಿದರು. ಶ್ರುತಿ ನೋಡಿದರು, ಬರೀ ತಂತಿಗಳು ಸರಿಯಾಗಿಯೇ ಇದ್ದವು. ಮತ್ತೆ ಶುರುಮಾಡಿದರು. ಮತ್ತೆ ಅದೇ.

ಟೀಚರ್ ಎದ್ದು ಬಂದು ಹಾವಗೆಪ್ಪನ ಎದುರು ಕೂತರು. "ಒಬ್ಬರೇ ಬಾರಸ್ರಿ," ಎಂದರು. ಅವನು ಬಾರಿಸಿದ. ಅವರು ಸ್ವರ ಕೇಳಲಿಲ್ಲ, ಕೈ ನೋಡಿದರು.

ಗಿಟಾರದ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಬೆರಳಿನಿಂದ ಒತ್ತಿ ಬಾರಿಸುವ ಸಾದಾ ಗಿಟಾರದಲ್ಲಿ ಪಟ್ಟಿಯ ಹಿಂದೆ ಒತ್ತಬೇಕು. ಸ್ಟೀಲ್ ಗಿಟಾರದಲ್ಲಿ ಸಳಿಯನ್ನು ಸರಿಯಾಗಿ ಪಟ್ಟಿಯ ನೆತ್ತಿಯ ಮೇಲೆಯೇ ಇಡಬೇಕು. ಹಾವಗೆಪ್ಪನ ಸಳಿ ಪ್ರತಿ ಪಟ್ಟಿಗೂ ಒಂದು ಬೆರಳಗಲ ಹಿಂದೆ ನಿಂತಿತ್ತು.

"ಹಿಂಗ ಯಾರು ಹೇಳಿಕೊಟ್ರು ನಿಮಗ?"

"ಗಿಟಾರ ಮಾರಿದ ಅಂಗಡಿಯಂವ," ಎಂದ ಹಾವಗೆಪ್ಪ. "ಪಟ್ಟಿ ಮ್ಯಾಲ ಒತ್ತಬ್ಯಾಡ, ಹಿಂದ ಒತ್ತು ಅಂದ. ಆರ್ಕೆಸ್ಟ್ರಾದಾಗ ದೂರಿಂದ ನೋಡಿದ್ದೆ, ಸಳಿ ಹೊಳೆಯೋದು ಕಾಣಸ್ತಿತ್ತು, ಎಲ್ಲಿ ಇಡ್ತಾರ ಕಾಣಸ್ತಿದ್ದಿಲ್ಲ."

"ಮತ್ತ ಸ್ವರ ಇಳೀತಿತ್ತಲ್ರಿ?"

"ಇಳೀತಿತ್ತು. ಅದಕ್ಕ ತಂತಿ ಒಂಚೂರು ಬಿಗಿ ಮಾಡ್ಕೋತಿದ್ದೆ, ಸರಿ ಆಗ್ತಿತ್ತು. ಬರೀ ತಂತಿ ಮೀಟಿದ್ರ ಕೆಟ್ಟ ಕೇಳಸ್ತಿತ್ತು. ಅದಕ್ಕ ಬರೀ ತಂತಿ ಅಪಶಕುನ ಅಂತ ಮುಟ್ಟೋದೇ ಬಿಟ್ಟಿದ್ದೆ."

"ಮ್ಯಾಲಿನ ಸ್ವರ?" ಎಂದು ಕೇಳಿದ ವಾಹೀದ. ಮೇಲೆ ಹೋದಂತೆ ಪಟ್ಟಿಗಳು ಒತ್ತೊತ್ತಾಗುತ್ತವೆ. ಅಲ್ಲಿ ಬೆರಳಗಲ ಹಿಂದೆ ಎಂದರೆ ಪಕ್ಕದ ಹಳ್ಳಿಗೇ ಹೋದಂತೆ.

"ಅಲ್ಲಿ ಅಳು ಬರ್ತಿತ್ತು. ಅದು ದರ್ದ್, ಹಾಡಿನೊಳಗಿನ ನೋವು ಅಂತ ತಿಳಿದಿದ್ದೆ."

ಯಾರೂ ನಗಲಿಲ್ಲ. ಅವತ್ತು ನಗುವ ಹಕ್ಕಿದ್ದದ್ದು ಅಲ್ಲಿಲ್ಲದ ಸೌಂಡಿನ ಮಕ್ಸೂದನಿಗೊಬ್ಬನಿಗೆ. ಹಾವಗೆಪ್ಪನ ತಲೆಯಲ್ಲಿ ಆ ಗುಂಡಿ ಹದಿನೈದು ವರ್ಷದ ಎಲ್ಲ ಮದುವೆಗಳಲ್ಲೂ ಒಂದೊಂದಾಗಿ ಎಡಕ್ಕೆ ತಿರುಗುತ್ತ ಹೋಯಿತು. ಅಸೂಯೆಯಲ್ಲ ಅದು, ಕಿವಿ. ಅವನ ಪಾಲಿಗೆ ಇದ್ದ ಒಬ್ಬನೇ ಶತ್ರುವೂ ಕೈತಪ್ಪಿದ.

ವಾಹೀದ ಒಳ್ಳೆಯವನು. "ಛೋಡೋ ಭಾಯಿ," ಎಂದ. "ನಾನೂ ಮೊದಲು ಭಾಳ ತಪ್ಪ ಬಾರಿಸ್ತಿದ್ದೆ."

"ಎಷ್ಟು ದಿನ?"

ವಾಹೀದನಿಗೆ ಸುಳ್ಳು ಅಭ್ಯಾಸವಿರಲಿಲ್ಲ. "ಒಂದು ವಾರ," ಎಂದುಬಿಟ್ಟ.

"ಟೀಚರ್, ಖರೇ ಹೇಳ್ರಿ," ಎಂದ ಹಾವಗೆಪ್ಪ. "ನಾ ಬಾರಿಸೋದು ಎಷ್ಟು ಸರಿ?"

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. "ಕೈ ಭಾಳ ಮೆತ್ತಗ ಅದ ನಿಮ್ದು," ಎಂದರು. "ಜಾಗಾ ಮಾತ್ರ ಎಲ್ಲಾ ತಪ್ಪು."

ತಿದ್ದಿಕೊಳ್ಳಲು ಮೂವರೂ ಕೂಡಿ ಒಂದು ತಾಸು ಹೆಣಗಿದರು. ಬೆರಳಗಲ ಮುಂದೆ, ಅಷ್ಟೇ. ವಾಹೀದ ತನ್ನ ಟೇಲರ್ ಚಾಕ್ ತೆಗೆದು ಪಟ್ಟಿಗಳ ಮೇಲೆ ಗುರುತು ಹಾಕಿದ. ನಿಧಾನಕ್ಕೆ ಬಾರಿಸಿದರೆ ಒಂದು ಸ್ವರ ಸರಿ ಬರುತ್ತಿತ್ತು, ಎರಡನೆಯದೂ ಬರುತ್ತಿತ್ತು. ಮೂರನೆಯದಕ್ಕೆ ಕೈ ತನ್ನ ಹಳೆಯ ಮನೆಗೆ ವಾಪಸು ಹೋಗಿ ಆರಾಮಾಗಿ ಕೂತುಬಿಡುತ್ತಿತ್ತು. ಬೆರಳಿಗೆ ಸಂವೇದನೆಯಿದ್ದರೆ ಬಯ್ದು ಎಳೆದು ತರಬಹುದಿತ್ತು. ಸತ್ತ ಬೆರಳಿಗೆ ಯಾರು ಪಾಠ ಹೇಳುವುದು? ನಾಲ್ಕನೆಯ ಸಲ ಸಳಿ ಜಾರಿ ಚಾಪೆಯ ಮೇಲೆ ಬಿತ್ತು. ಹಾವಗೆಪ್ಪ ಅದನ್ನು ಎತ್ತಲಿಲ್ಲ.

"ನೀವಿಬ್ಬರು ಬಾರಸ್ರಿ," ಎಂದ. "ನಾ ಕೇಳ್ತೇನಿ."

ಬೇಡ ಎಂದರು, ಒಲ್ಲೆ ಎಂದರು, ಕೊನೆಗೆ ಬಾರಿಸಿದರು. ಏನು ಹೇಳಲಿ, ಜಿಲ್ಲೆಯ ಮೊಟ್ಟಮೊದಲ ಸ್ಟೀಲ್ ಗಿಟಾರ ಸಮ್ಮೇಳನ ಭಾರಿ ಯಶಸ್ವಿಯಾಯಿತು. ಔರಾದ ಭಾಲ್ಕಿಗಳು ಒಂದನ್ನೊಂದು ಕೇಳಿಸಿಕೊಂಡು, ಒಂದನ್ನೊಂದು ಕಾಯುತ್ತ, ಅಕ್ಕತಮ್ಮರಂತೆ ನಡೆದವು. ಭೀಮಬಾಯಿ ಶೇಂಗಾ ಬುಟ್ಟಿ ಬದಿಗಿಟ್ಟಳು. ವಾಹೀದ ನಾಲ್ಕರ ಬಸ್ಸು ಬಿಟ್ಟು ಐದರ ಬಸ್ಸಿಗೆ ಹೋದ. ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದು ಟೀಚರ್ ಅವರಿಗೆ ಹೇಳಿ ಹೋದ. ಸಂಘಟಕ ಬ್ಯಾನರ್ ಸುತ್ತಿಕೊಂಡು ಬೀದರದ ಬಸ್ಸು ಹತ್ತಿದ.

ಮನೆಯಲ್ಲಿ ರುಕ್ಮಿಣಿಬಾಯಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. "ಏನಂದ್ರು?" ಎಂದು ಕೇಳಿದಳು.

"ಕೈ ಭಾಳ ಮೆತ್ತಗ ಅದ ಅಂದ್ರು."

"ಅಷ್ಟೇ?"

"ಮುದ್ರಿ ಹಾಕಿದ್ರು."

ಅವಳು ಮೊರ ಕೆಳಗಿಟ್ಟಳು. ಮದುವೆಯಾದ ಮೇಲೆ ಮೊದಲ ಸಲ ತಾನಾಗಿಯೇ ಹೇಳಿದಳು, "ಹಂಗಾದ್ರ ಒಂದು ಬಾರಸ್ರಿ ನೋಡೋಣ. ಇಷ್ಟು ವರ್ಷ ನಾ ಸುಮ್ಮನ ಆಡ್ಕೊಂಡು ನಕ್ಕೆ."

ಹಾವಗೆಪ್ಪ ಗಿಟಾರ ತೊಡೆಯ ಮೇಲೆ ಮಲಗಿಸಿದ. ಟೀಚರ್ ಇಳಿಸಿಕೊಟ್ಟಿದ್ದ ತಂತಿಗಳನ್ನು ಒಂಚೂರು ಬಿಗಿಮಾಡಿದ. ಚಾಕಿನ ಗುರುತುಗಳನ್ನು ಅಂಗೈಯಿಂದ ಒರೆಸಿದ. ಸಳಿಯನ್ನು ಪಟ್ಟಿಯಿಂದ ಒಂದು ಬೆರಳಗಲ ಹಿಂದೆ ಇಟ್ಟು, ಮೇಲಿನ ಸ್ವರಗಳಿಗೆ ಹೋಗದೆ, ಕೆಳಗೆ ಕೆಳಗೇ ಬಾರಿಸಿದ. ರುಕ್ಮಿಣಿಬಾಯಿ ತಲೆದೂಗಿದಳು. ಅವಳ ಕಿವಿಗೆ ಎಲ್ಲವೂ ಸರಿಯಾಗಿತ್ತು.

ಆಮೇಲೆ ಅವನು ಸಳಿ ಎತ್ತಿ, ಬರೀ ತಂತಿಯೊಂದನ್ನು ಬೇಕೆಂದೇ ಮೀಟಿದ.

"ಅಯ್ಯ, ಇದೇನ್ರಿ," ಎಂದಳು ಅವಳು, ಒಂದು ಕ್ಷಣವೂ ತಡಮಾಡದೆ. "ಈಗೊಂದು ತಪ್ಪಿತು ನೋಡ್ರಿ."

ಇಷ್ಟು ತಿಳಿಯಲು ಔರಾದ ಬೇಕಿರಲಿಲ್ಲ, ಭಾಲ್ಕಿ ಬೇಕಿರಲಿಲ್ಲ, ಬ್ಯಾನರೂ ಬೇಕಿರಲಿಲ್ಲ. ನಲವತ್ತು ವರ್ಷದಲ್ಲಿ ಯಾವ ದಿನವಾದರೂ ಅವಳೆದುರು ಒಂದು ಬರೀ ತಂತಿ ಮೀಟಿದ್ದರೆ ಸಾಕಿತ್ತು.

"ಹೂಂ," ಎಂದ ಹಾವಗೆಪ್ಪ. "ಅದೊಂದೇ."